ರಾತ್ರಿಯ ಬಸ್ಸಾರು, ಬೆಳಗಿನ ತಂಗಳು

ಒಲೆಯ ಮೇಲೆ ಒಂದೇ ಪಾತ್ರೆ. ಎರಡು ಹಿಡಿ ಅಲಸಂದೆ ಕಾಳು ಮುಕ್ಕಾಲು ಬೆಂದಾಗ ಒಂದು ಕಟ್ಟು ದಂಟಿನ ಸೊಪ್ಪನ್ನು ಹೆಚ್ಚಿ ಅದಕ್ಕೇ ಹಾಕುತ್ತಾರೆ, ಉಪ್ಪು ಬೀಳುತ್ತದೆ. ಬೆಂದ ಮೇಲೆ ಬಾಯಿಗೆ ತಟ್ಟೆ ಒತ್ತಿ ಹಿಡಿದು ನೀರನ್ನೆಲ್ಲ ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಹೀಗೆ ಬಸಿದ ನೀರೇ ಕಟ್ಟು; ಅದಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ತುಸು ಹುಣಸೆ, ಇದ್ದರೆ ಒಂದಿಷ್ಟು ಕಾಯಿ ರುಬ್ಬಿ ಹಾಕಿದರೆ ಬಸ್ಸಾರು. ರುಬ್ಬುವಾಗ ಬೆಂದ ಸೊಪ್ಪುಕಾಳಿನದೇ ಒಂದು ಸೌಟು ಸೇರಿಸಿಕೊಂಡರೆ ಸಾರಿಗೆ ಮೈ ಬರುತ್ತದೆ, ಬೇಳೆ ಬೇರೆ ಬೇಕಾಗುವುದಿಲ್ಲ. ಪಾತ್ರೆಯಲ್ಲಿ ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಬೇಯಿಸುವಿಕೆ, ಎರಡು ಅಡುಗೆ. ಸೊಪ್ಪು ಬೆಂದ ನೀರನ್ನು ಚೆಲ್ಲುವ ಮಾತೇ ಇಲ್ಲ.

ಬಸ್ಸಾರಿನ ಬಗ್ಗೆ ಬರೆಯುವವರೆಲ್ಲ ಅದರ ರುಚಿಯ ಬಗ್ಗೆ ಬರೆಯುತ್ತಾರೆ. ಅದರೊಳಗಿನ ಲೆಕ್ಕಾಚಾರ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಾಡಿದ ಸಾರು ರಾತ್ರಿಗೆ ಮುದ್ದೆಯ ಜೊತೆ ಹೋಗುತ್ತದೆ, ಮಿಕ್ಕದ್ದು ಬೆಳಿಗ್ಗೆ ಇನ್ನೊಮ್ಮೆ ಕುದ್ದು ಗಟ್ಟಿಯಾಗಿ ರಾತ್ರಿಗಿಂತ ಚೆನ್ನಾಗಿರುತ್ತದೆ. ಪಲ್ಯ ಉಳಿದರೆ ಬೆಳಗಿನ ರಾಗಿ ರೊಟ್ಟಿಯ ಹಿಟ್ಟಿಗೆ ಕಲಸಿಕೊಳ್ಳುತ್ತದೆ. ಸಂಜೆ ಆರಕ್ಕೆ ಒಲೆ ಹಚ್ಚುವಾಗಲೇ ಮರುದಿನದ ಒಂಬತ್ತು ಗಂಟೆಯವರೆಗಿನ ಹೊಟ್ಟೆಯ ವ್ಯವಸ್ಥೆ ಆಗಿರುತ್ತದೆ. ಮನೆಖರ್ಚು ಉಳಿಸುವ ಅಡುಗೆ ಎಂದು ಇವತ್ತು ಮೊಬೈಲಿನಲ್ಲಿ ಹುಡುಕುವವರಿಗೆ ಸಿಗುವುದು ಬೇರೆಯದು. ಮಿಕ್ಕ ಚಪಾತಿಯನ್ನು ನೂಡಲ್ಸ್ ಮಾಡುವುದು, ಅದಕ್ಕೆ ಚೀಸ್ ಸುರಿಯುವುದು. ಹತ್ತು ರೂಪಾಯಿಯ ಚಪಾತಿ ಉಳಿಸಲು ನೂರು ರೂಪಾಯಿಯ ಚೀಸು ತರುವ ಈ ಮಿತವ್ಯಯ ನನಗೆ ಇನ್ನೂ ಅರ್ಥವಾಗಿಲ್ಲ.

ಈ ಲೆಕ್ಕಾಚಾರ ನೋಡಲು ಕುಂದಾಣಕ್ಕೆ ಬನ್ನಿ, ದೇವನಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ ಅದು.    ಇವತ್ತು ಈ ಜಿಲ್ಲೆಯ ಆಡಳಿತ ಭವನ ಇರುವುದು ಇದೇ ಹೋಬಳಿಯ ಬೀರಸಂದ್ರದಲ್ಲಿ. 2008ರ ಮೇ ತಿಂಗಳಲ್ಲಿ ತೆರೆದ ಬೆಂಗಳೂರಿನ ವಿಮಾನ ನಿಲ್ದಾಣವೂ ಇದೇ ತಾಲ್ಲೂಕಿನದು. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಬಡಾವಣೆಯ ಕಲ್ಲು ನೆಟ್ಟ ಜಮೀನು. ಈ ಊರುಗಳ ರಾತ್ರಿಯೂಟ ಎರಡು ಕಾಲಗಳ ನಡುವೆ ಸಿಕ್ಕಿಕೊಂಡಿದೆ. ಹಾಗಾಗಿಯೇ ಮಿತವಾಗಿ ಉಣ್ಣುವ, ಮಿಕ್ಕಿದ್ದನ್ನು ಬಳಸುವ ವಿದ್ಯೆ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ನೋಡಲು ಇಲ್ಲಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹೊಲವೇ ಮಾಡಿಕೊಟ್ಟ ಪಟ್ಟಿ

ವಾರದ ಅಡುಗೆಯ ಪಟ್ಟಿಯನ್ನು ಈ ಸೀಮೆಯಲ್ಲಿ ಯಾರೂ ಕಾಗದದಲ್ಲಿ ಬರೆದವರಲ್ಲ. ಅಕ್ಕಡಿ ಸಾಲಿನಲ್ಲಿ ಅದು ಬರೆದಿರುತ್ತಿತ್ತು. ರಾಗಿಯ ಕೆಲವು ಸಾಲುಗಳಿಗೊಂದು ಸಾಲು ಅವರೆ, ತೊಗರಿ, ಅಲಸಂದೆ, ಅಂಚಿಗೆ ಹುಚ್ಚೆಳ್ಳು, ಸಾಸಿವೆ, ನಾಲ್ಕು ಜೋಳದ ದಂಟು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಜೊತೆ ಅವರೆಯನ್ನು ಸಾಲು ಹಿಡಿದು ಬಿತ್ತುವ ಕ್ರಮವನ್ನು ತನ್ನ ದಾಖಲೆಯಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಚಟ್ನಿಪುಡಿಗೆ ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಬಾರದಿದ್ದರೂ ತೊಗರಿಯೋ ಅವರೆಯೋ ಒಂದಿಷ್ಟು ಕೈಹಿಡಿಯುತ್ತಿತ್ತು.

ಬಿತ್ತದೆ ಬರುವುದೂ ಇತ್ತು. ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪು, ಕೀರೆ. ಕಳೆ ಕೀಳುವ ಹೆಂಗಸರ ಮಡಿಲಲ್ಲಿ ಸಂಜೆಯ ಹೊತ್ತಿಗೆ ಇವೆಲ್ಲ ಒಟ್ಟಾಗಿ ಬೆರಕೆಸೊಪ್ಪು ಆಗಿರುತ್ತಿತ್ತು. ಕಾಸು ಕೊಡದೆ ಬಂದ ಈ ಸೊಪ್ಪಿನ ಮಸ್ಸೊಪ್ಪು ಇವತ್ತು ನಗರದ ಹೋಟೆಲುಗಳಲ್ಲಿ 'ದೇಸಿ ಥಾಲಿ'ಯ ಬಟ್ಟಲೊಂದರಲ್ಲಿ ಕೂತು ಬಿಲ್ಲಿಗೆ ಸೇರುತ್ತದೆ. ಹೊಲಕ್ಕೆ ಕಳೆನಾಶಕ ಹೊಡೆಯತೊಡಗಿದ ಮೇಲೆ ಊರಲ್ಲಿ ಮಾತ್ರ ಸಿಗುವುದು ಕಡಿಮೆಯಾಗಿದೆ.

ಬೆಳೆದದ್ದನ್ನು ಕಾಪಾಡುವುದರಲ್ಲಿ ರಾಗಿಗೆ ಸಮ ಇನ್ನೊಂದಿಲ್ಲ. ಕಾಳು ಸಣ್ಣದು, ಹುಳು ಹಿಡಿಯುವುದು ಅಪರೂಪ. ನೆಲದಡಿಯ ಹಗೇವಿನಲ್ಲಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಹಿರಿಮೆಯ ಜಗಳವಾದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಮುಟ್ಟಾಗಿರುತ್ತದೆ. ಜಾತಿಯ ಮೇಲುಕೀಳಿನ ಕಾವ್ಯವೆಂದು ಅದನ್ನು ಓದುತ್ತೇವೆ, ಸರಿಯೇ. ಅಡುಗೆಮನೆಯಿಂದ ನೋಡಿದರೆ ಅದು ದಾಸ್ತಾನಿನ ಪರೀಕ್ಷೆಯೂ ಹೌದು.

ಈ ಎಚ್ಚರಿಕೆಯ ಹಿಂದೆ ಹಸಿವಿನ ನೆನಪಿದೆ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಬರಿದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಸುತ್ತ ನಿಂತಿತ್ತು. ತಟ್ಟೆಯಲ್ಲಿ ಅನ್ನ ಬಿಟ್ಟರೆ ಬೈಯುವ ಅಜ್ಜಿಯರು ಆ ಬರ ಕಂಡವರ ಮೊಮ್ಮಕ್ಕಳು ಮರಿಮಕ್ಕಳು. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟಾಗ ನಗರದವರಿಗೆ ಅದು ತ್ಯಾಗವಾಗಿತ್ತು. ಒಪ್ಪತ್ತೂಟ ರೂಢಿಯಾಗಿದ್ದ ಹಳ್ಳಿಯ ಕೂಲಿಯವರಿಗೆ ಅದರಲ್ಲಿ ಹೊಸದೇನಿತ್ತೋ ಕಾಣೆ. ಕೊರತೆ ಕೆಲವೊಮ್ಮೆ ಹೊಸ ತಿಂಡಿಯನ್ನೂ ಕೊಡುತ್ತದೆ ಅನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತು ಎಂಬುದು ಬೆಂಗಳೂರಿನ ಎಂಟಿಆರ್‌ನವರೇ ಹೇಳುವ ಕತೆ.

ಎಣಿಕೆಗೆ ಸಿಗುವ ಊಟ

ಎಸರಿಡುವ ಮೊದಲು ಈ ಕಡೆಯ ಮನೆಗಳಲ್ಲಿ ಒಂದು ಕೂಗು ಹೊರಗೆ ಬರುತ್ತದೆ: 'ಇಟ್ಟು ಎಷ್ಟು ಜನಕ್ಕೆ?' ಉತ್ತರ ಮುದ್ದೆಯ ಎಣಿಕೆಯಲ್ಲಿರುತ್ತದೆ. ಅಪ್ಪನಿಗೆ ಎರಡು, ಮಗನಿಗೆ ಒಂದೂವರೆ, ಸೊಸೆಗೆ ಒಂದು, ಮಗುವಿಗೆ ಅರ್ಧ. ಹಿಟ್ಟಿನ ಎರಡರಷ್ಟು ನೀರು. ಅನ್ನಕ್ಕೆ ಈ ಎಣಿಕೆ ಇಲ್ಲ. ಅಕ್ಕಿಯನ್ನು ಪಾವು ಸೇರಿನಲ್ಲಿ ಅಳೆದು ಹಾಕಿದರೂ ಉಣ್ಣುವವನು 'ಸ್ವಲ್ಪ ಬಡಿಸಿ' ಅನ್ನುತ್ತಾನೆ, ಆ ಸ್ವಲ್ಪ ಎಷ್ಟೆಂದು ಅವನಿಗೂ ಗೊತ್ತಿರುವುದಿಲ್ಲ. ಮುದ್ದೆ ಉಂಡೆಯಾಗಿಯೇ ತಟ್ಟೆಗೆ ಬರುವುದರಿಂದ ಎಷ್ಟು ಬೇಕೆಂಬುದು ಒಲೆ ಹಚ್ಚುವ ಮೊದಲೇ ಇತ್ಯರ್ಥ. ಮಿಕ್ಕಿದ್ದನ್ನು ಏನು ಮಾಡಲಿ ಎಂಬ ತಲೆನೋವಿನ ಅರ್ಧ ಭಾಗ ಇಲ್ಲೇ ಕಳೆಯಿತು.

ಖರ್ಚಿನ ಲೆಕ್ಕವೂ ಸುಲಭ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ ಸುಮಾರು 49. ಒಂದು ಕಿಲೋ ಹಿಟ್ಟಿನಲ್ಲಿ ಎಂಟರಿಂದ ಹತ್ತು ಮುದ್ದೆ ಏಳುತ್ತವೆ. ಮಿಲ್ಲಿನ ಕೂಲಿ ಬಿಟ್ಟರೆ ಮುದ್ದೆಯೊಂದಕ್ಕೆ ಐದಾರು ರೂಪಾಯಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತನ್ನೂ ದಾಟುವುದಿಲ್ಲ. ಬೆಳೆಯುವವರ ಮನೆಯಲ್ಲಿ ಈ ಐದಾರು ರೂಪಾಯಿಯೂ ಕೈಯಿಂದ ಹೋಗುವುದಿಲ್ಲ. ಈ ಬೆಳೆಯ ಇಳುವರಿ ಏರಿದ್ದರ ಹಿಂದೆ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಜೀವಮಾನ ಸವೆಸಿದ ತಳಿವಿಜ್ಞಾನಿ 'ರಾಗಿ ಲಕ್ಷ್ಮಣಯ್ಯ'ನವರ ದುಡಿಮೆ ಇದೆ. ಭಾರತದ ತಳಿಗೂ ಆಫ್ರಿಕಾದ ತಳಿಗೂ ಸಂಬಂಧ ಬೆಳೆಸಿ ಅವರು ತೆಗೆದ ಇಂಡಾಫ್ ತಳಿಗಳು ಹಳೇ ಮೈಸೂರಿನ ಎಷ್ಟೋ ಮನೆಗಳ ರಾತ್ರಿಯೂಟವನ್ನು ಅಗ್ಗ ಮಾಡಿದವು.

ಅಕ್ಕಿ ಇಲ್ಲಿ ಒಂದು ಕಾಲಕ್ಕೆ ಹಬ್ಬಕ್ಕೆ ಬರುವ ನೆಂಟ. 2013ರಲ್ಲಿ ಅನ್ನಭಾಗ್ಯ ಯೋಜನೆ ಶುರುವಾದ ಮೇಲೆ ಮನೆಯವನೇ ಆದ. ರಾತ್ರಿ ಒಂದು ಮುದ್ದೆ, ಆಮೇಲೆ ಒಂದಿಷ್ಟು ಅನ್ನ ಎಂಬುದು ಈಗಿನ ಸಾಮಾನ್ಯ ಕ್ರಮ, ಮಿಗುವುದು ಆ 'ಒಂದಿಷ್ಟೇ'. ಅದಕ್ಕೂ ಇಲ್ಲಿನ ಹೆಂಗಸರ ಬಳಿ ಉಪಾಯವಿದೆ. ಮಿಕ್ಕ ಅನ್ನವನ್ನು ಮುಂದಿನ ಹೊತ್ತಿನ ಎಸರಿಗೆ ಹಾಕಿ, ಅದು ಮೆತ್ತಗೆ ಕರಗಿದ ಮೇಲೆ ರಾಗಿಹಿಟ್ಟು ಸುರಿದು, ಕೋಲಿನಿಂದ ತಿರುವಿ ಮುದ್ದೆ ಕಟ್ಟುವುದು. ಅಕ್ಕಿನುಚ್ಚು ಹಾಕಿ ಮಾಡುವ ಮುದ್ದೆಯ ಕ್ರಮವೇ ಇದು, ಗಡಿಯಾಚೆಯ ತೆಲುಗರು ಸಂಗಟಿ ಎನ್ನುವುದೂ ಇದನ್ನೇ. ಹಿಟ್ಟು ಕಾಲು ಭಾಗ ಉಳಿಯುತ್ತದೆ, ಮುದ್ದೆ ನುಣ್ಣಗಾಗುತ್ತದೆ, ಹಲ್ಲಿಲ್ಲದವರೂ ಮುದ್ದೆ ನುಂಗಲು ಹೆದರುವ ಪಟ್ಟಣದ ನೆಂಟರೂ ಸಲೀಸಾಗಿ ಉಣ್ಣುತ್ತಾರೆ. ಚಿತ್ರಾನ್ನ ಎಲ್ಲರಿಗೂ ಗೊತ್ತು, ಆದರೆ ಅದಕ್ಕೆ ಎಣ್ಣೆ, ಕಡಲೆಬೀಜ, ನಿಂಬೆಹಣ್ಣು ಎಂದು ಹೊಸ ಖರ್ಚು ಸೇರುತ್ತದೆ. ಅನ್ನ ಹಾಕಿದ ಮುದ್ದೆ ಏನನ್ನೂ ಕೇಳುವುದಿಲ್ಲ. ಮಿಕ್ಕ ಅನ್ನದ ಉಪಯೋಗಗಳಲ್ಲಿ ನನ್ನ ಮೊದಲ ಓಟು ಅದಕ್ಕೇ.

ಮುದ್ದೆಯೇ ಮಿಕ್ಕರೆ? ಒಣಗದಂತೆ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ, ಉಪ್ಪು ಹಾಕಿ, ಹಸಿ ಈರುಳ್ಳಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿಯುವುದು. ಬೇಸಿಗೆಯಲ್ಲಿ ಹೊಲಕ್ಕೆ ಹೋಗುವವರಿಗೆ ಮಧ್ಯಾಹ್ನದವರೆಗೆ ಹೊಟ್ಟೆ ತಣ್ಣಗಿರುತ್ತದೆ. ಇಲ್ಲವೇ ಅದಕ್ಕೆ ಒಂದು ಹಿಡಿ ಹಸಿಹಿಟ್ಟು, ಹೆಚ್ಚಿದ ಈರುಳ್ಳಿ, ಸೊಪ್ಪು ಸೇರಿಸಿ ನಾದಿ ರೊಟ್ಟಿ ತಟ್ಟುವುದು. ಆಗಲೇ ಬೆಂದ ಹಿಟ್ಟು ಸೇರಿರುವುದರಿಂದ ರೊಟ್ಟಿ ಅಂಚು ಬಿರಿಯದೆ ಏಳುತ್ತದೆ.

ತಂಗಳಿನ ಕಟ್ಟುನಿಟ್ಟು

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯದೆಲ್ಲ ಒಳ್ಳೆಯದು ಎಂದು ತಂಗಳನ್ನು ಹೊಗಳುವ ಗಾಳಿ ಈಚೆಗೆ ಜೋರಾಗಿದೆ. ಆದರೆ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಸಹಜವಾಗಿಯೇ ಇರುತ್ತವೆ. ಕುದಿಸಿದರೂ ಸಾಯದವು. ಬೆಂದ ಅನ್ನ ಬೆಚ್ಚಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಮುಚ್ಚಿಟ್ಟಿದ್ದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಬೆಳಿಗ್ಗೆ ಎಷ್ಟು ಬಿಸಿ ಮಾಡಿದರೂ ಹೋಗದು. ಹಾಗಾದರೆ ನೀರು ಹಾಕಿಟ್ಟ ಅನ್ನ ತಲೆಮಾರುಗಟ್ಟಲೆ ಹೇಗೆ ದಕ್ಕಿತು? ಮಣ್ಣಿನ ಮಡಕೆ, ತಣ್ಣೀರು, ರಾತ್ರಿಯಿಡೀ ನಡೆಯುವ ಹುಳಿಯುವಿಕೆ ಮೂರೂ ಸೇರಿ ಕೆಲಸ ಮಾಡುತ್ತಿದ್ದವು. ಅನ್ನ ಬೇಗ ಆರುತ್ತಿತ್ತು, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಒಳ್ಳೆಯ ಸೂಕ್ಷ್ಮಾಣುಗಳು ಮೊದಲು ಜಾಗ ಹಿಡಿದು ಹುಳಿಯೇರಿಸಿ ಉಳಿದವನ್ನು ತಡೆಯುತ್ತಿದ್ದವು. ಕುಕ್ಕರಿನಲ್ಲೇ ಬಿಟ್ಟು ಮುಚ್ಚಳ ಹಾಕಿ ಮಲಗುವ ಇಂದಿನ ಅಭ್ಯಾಸಕ್ಕೂ ಆ ಕ್ರಮಕ್ಕೂ ಸಂಬಂಧವಿಲ್ಲ.

ಫ್ರಿಜ್ ಇದ್ದರೆ ಅಡುಗೆ ಮುಗಿದ ಎರಡು ಗಂಟೆಯೊಳಗೆ, ಅಗಲವಾದ ಪಾತ್ರೆಯಲ್ಲಿ ಹರವಿ ಆರಿಸಿ, ಒಳಗಿಡಬೇಕು. ಹೊರತೆಗೆದು ಬಿಸಿ ಮಾಡುವುದು ಒಂದೇ ಸಲ, ಬೇಕಾದಷ್ಟನ್ನು ಮಾತ್ರ. ಸಾರಿಗೆ ಹಳೆಯ ನಿಯಮವೊಂದಿದೆ: ರಾತ್ರಿ ಮಲಗುವ ಮುನ್ನ ಒಂದು ಕುದಿ, ಬೆಳಿಗ್ಗೆ ಎದ್ದೊಡನೆ ಒಂದು ಕುದಿ, ನಡುವೆ ಸೌಟಾಡಿಸಕೂಡದು. ಕಾಯಿ ರುಬ್ಬಿ ಹಾಕಿದ ಸಾರು ಬೇಗ ಹಳಸುತ್ತದೆ, ಹುಣಸೆ ಮೆಣಸಿನದು ತಡೆಯುತ್ತದೆ. ನಾಳೆಗೂ ಬೇಕು ಅನ್ನುವ ದಿನ ಕಾಯಿ ಬಿಟ್ಟು ರುಬ್ಬುತ್ತಿದ್ದುದು ಅದಕ್ಕೇ.

ಇನ್ನು ಕಲಗಚ್ಚು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಹಿತಕಿದ ಅವರೆಯ ಸಿಪ್ಪೆ, ಮಿಕ್ಕ ಗಂಜಿ, ಪಾತ್ರೆಯ ತಳ ಬಳಿದ ಹಿಟ್ಟು ಎಲ್ಲ ಒಂದು ಬಾನಿಗೆ ಬಿದ್ದು ಹಸುವಿನ ಮುಂದೆ ಹೋಗುತ್ತಿತ್ತು. ಸಂಜೆ ಅದು ಹಾಲಾಗಿ, ಬೆಳಿಗ್ಗೆ ಮಜ್ಜಿಗೆಯಾಗಿ ತಂಗಳು ಮುದ್ದೆಗೆ ಸೇರುತ್ತಿತ್ತು. ಇದರ ತಿರುಗುಮುರುಗೂ ಇತ್ತು. ಉಳುವ ಎತ್ತಿಗೆಂದು ಬೇಯಿಸಿದ ಹುರುಳಿಯ ಕಟ್ಟು ಬಸಿದುಕೊಂಡು ಮನೆಯವರು ಸಾರು ಮಾಡುತ್ತಿದ್ದರು. ಕಾಳು ಎತ್ತಿಗೆ, ಸಾರು ಮನುಷ್ಯರಿಗೆ. ಹುರುಳಿ ಕಟ್ಟಿನ ಸಾರನ್ನು ದಿನಕ್ಕೆರಡು ಬಾರಿ ಕುದಿಸಿ ಕುದಿಸಿ ಮೂರು ದಿನ ಉಂಡವರು ಈಗಲೂ ಅದರ ಮೂರನೇ ದಿನದ ರುಚಿಯನ್ನೇ ನೆನೆಯುತ್ತಾರೆ.

ಈ ವ್ಯವಸ್ಥೆಯಲ್ಲಿ ಕಸದ ಬುಟ್ಟಿಗೆ ಕೆಲಸವೇ ಇರಲಿಲ್ಲ. ಹಸು ಕೊಟ್ಟಿಗೆ ಬಿಟ್ಟು ಹೋದ ದಿನ ಕಸದ ಬುಟ್ಟಿ ಅಡುಗೆಮನೆಗೆ ಬಂತು ಎನ್ನುವುದು ನನ್ನ ತೀರ್ಮಾನ. ಜಮೀನು ಮಾರಿದ ಮನೆಯಲ್ಲಿ ಮೇವಿಲ್ಲ, ಮೇವಿಲ್ಲದೆ ಹಸುವಿಲ್ಲ. ಮಿಕ್ಕಿದ್ದು ಮೊದಲ ಬಾರಿಗೆ ತ್ಯಾಜ್ಯ ಎನಿಸಿಕೊಂಡಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್, ಅದರ ಶೇ 60ರಷ್ಟು ಹೋದದ್ದು ಮನೆಗಳಿಂದಲೇ. ಭಾರತದ ಮನೆಗಳ ಅಂದಾಜು ತಲೆಗೆ ವರ್ಷಕ್ಕೆ 55 ಕಿಲೋ. ಜಗತ್ತಿನ ಸರಾಸರಿ 79 ಕಿಲೋ ಇರುವುದರಿಂದ ನಾವೇ ವಾಸಿ ಎಂದು ಬೀಗಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ದಶಕಕ್ಕೂ ಹಿಂದೆ ನಗರದ 75 ಕಲ್ಯಾಣ ಮಂಟಪಗಳನ್ನು ಸಮೀಕ್ಷೆ ಮಾಡಿ, ಮದುವೆಯೂಟಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆ ಎಂದು ಲೆಕ್ಕ ಹಾಕಿದ್ದು ಗೊತ್ತಾದರೆ ಆ ಬೀಗು ನಿಲ್ಲುತ್ತದೆ.

ಭಾನುವಾರದ ಬಾಡು, ಸೋಮವಾರದ ಸಂಕಟ

ಬಾಡಿನ ವಿಷಯದಲ್ಲಿ ಈ ಸೀಮೆಯ ಅಳತೆ ಇನ್ನೂ ಬಿಗಿ. ಭಾನುವಾರ ಕೋಳಿಯೋ ಮರಿಯೋ ತಂದು ಸಾರು ಮಾಡಿದರೆ ಅದು ಅಂದೇ ರಾತ್ರಿಗೆ ಮುಗಿಯಬೇಕು. ಎಷ್ಟೋ ಮನೆಗಳಲ್ಲಿ ಸೋಮವಾರ ಈಶ್ವರನ ವಾರ, ಬಾಡು ಮುಟ್ಟುವಂತಿಲ್ಲ. ಶನಿವಾರ ಆಂಜನೇಯನದು. ಹಾಗಾಗಿ ಭಾನುವಾರ ಎಷ್ಟು ತರಬೇಕೆಂಬುದು ದೇವರೇ ಹಾಕಿಕೊಟ್ಟ ಲೆಕ್ಕ. ಫ್ರಿಜ್ ಬಂದ ಮೇಲೆ ಸಾರು ಮಂಗಳವಾರದವರೆಗೆ ಕಾಯುವಂತಾಗಿದೆ. ಅದೂ ಹಾಲಿನ ಪಕ್ಕ ಬಾಡಿನ ಡಬ್ಬಿ ಇಡಬಹುದೇ ಎಂಬ ವಾದ ಅತ್ತೆ ಸೊಸೆಯರ ನಡುವೆ ಇತ್ಯರ್ಥವಾಗಿರುವ ಮನೆಗಳಲ್ಲಿ ಮಾತ್ರ.

ಯುಗಾದಿ ಈ ಲೆಕ್ಕದ ದೊಡ್ಡ ಹಬ್ಬ. ಹಬ್ಬದ ದಿನ ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ಕಟ್ಟು ಒಬ್ಬಟ್ಟಿನ ಸಾರಾಗುತ್ತದೆ, ರುಬ್ಬುವಾಗ ಒಂದು ನಿಂಬೆ ಗಾತ್ರದ ಹೂರಣವೂ ಬೀಳುತ್ತದೆ. ಶ್ರೀಮಂತರೂ ಬಡವರೂ ಒಂದೇ ಥರ ಮಾಡುವ ಸಾರು ಅದು, ಬಸ್ಸಾರಿನದೇ ಜಾಣ್ಮೆ ಹಬ್ಬದ ಬಟ್ಟೆ ಹಾಕಿಕೊಂಡು ಬಂದಂತೆ. ಮರುದಿನ ಹೊಸತೊಡಕು. ಬಾಡೂಟದ ಪಕ್ಕದಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರು ಅನ್ನಕ್ಕೆ ಕಾದು ಕೂತಿರುತ್ತದೆ. ಯಾರೂ ಅದನ್ನು ಹಳೆಯದೆಂದು ತಳ್ಳುವುದಿಲ್ಲ.

ಸಿಪ್ಪೆ ದಂಟುಗಳ ಕತೆ ಹೇಳಹೊರಟರೆ ಇನ್ನೊಂದು ಲೇಖನವೇ ಬೇಕು. ಹೀರೆಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ಪಲ್ಯ, ಹಲಸಿನ ಬೀಜದ ಸಾರು, ಕೊತ್ತಂಬರಿ ದಂಟು ಹಾಕಿ ಕುದಿಸಿದ ತಿಳಿಸಾರು. ಬೇಸಿಗೆಯಲ್ಲಿ ಮಿಕ್ಕ ಅನ್ನಕ್ಕೆ ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ರುಬ್ಬಿ ಬಟ್ಟೆಯ ಮೇಲಿಟ್ಟು ಒಣಗಿಸಿದ ಸಂಡಿಗೆ. ಇವಿಷ್ಟು ಸಾಕು.

ಕೊನೆಯ ತಟ್ಟೆ ಯಾರದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಾಣ್ಮೆಯ ಕತೆ. ಅದರ ಕಹಿಯನ್ನೂ ಹೇಳದಿದ್ದರೆ ಅಪಚಾರವಾಗುತ್ತದೆ. ತಂಗಳು ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಕ್ಕಲು ಮನೆಯ ಹಿತ್ತಿಲಲ್ಲಿ ಜೀತದಾಳಿನ ಕೈಗೆ ಸುರಿಯುತ್ತಿದ್ದುದು ತಂಗಳೇ. ಅದು ಅವನ ಕೂಲಿಯ ಭಾಗವೆಂದೇ ಲೆಕ್ಕ. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಒಂದು ಜಾತಿಯ ಮನೆಯ ಮಿತವ್ಯಯ ಇನ್ನೊಂದು ಜಾತಿಯ ಮಕ್ಕಳ ಹಳಸಿದ ಊಟವಾಗಿದ್ದ ನೆನಪು ಇರುವವರ ಮುಂದೆ ತಂಗಳಿನ ಮಹಿಮೆ ಹಾಡುವವರು ಸ್ವಲ್ಪ ಮಾತು ತಗ್ಗಿಸಬೇಕು. ಅಂಥ ಮನೆಗಳ ಮಗ ಇವತ್ತು ಬಿಸಿ ಅನ್ನವನ್ನೇ ಉಣ್ಣುತ್ತೇನೆಂದು ಹಟ ಹಿಡಿದರೆ ಅದು ದುಂದುಗಾರಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮನೆಯೊಳಗೂ ಒಂದು ಹಿತ್ತಿಲಿತ್ತು. ಗಂಡಸರು, ಮಕ್ಕಳು, ಆಮೇಲೆ ಅತ್ತೆ, ಎಲ್ಲರಾದ ಮೇಲೆ ಅಡುಗೆ ಮಾಡಿದವಳು. ಬಿಸಿ ಮುದ್ದೆ ಅವರಿಗೆ, ತಳ ಹಿಡಿದ ಸೀಕು ಇವಳಿಗೆ. ನಿನ್ನೆಯ ಸಾರನ್ನು 'ಹಾಳಾಗುತ್ತಲ್ಲ' ಎಂದು ಉಂಡು ಮುಗಿಸುವುದೂ ಇವಳ ಪಾಲಿನ ಕೆಲಸ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಂದಿನ ಸುತ್ತಿಗಿಂತ ಹೆಚ್ಚು. ರಕ್ತಹೀನತೆಗೆ ಕಾರಣಗಳು ಹಲವು, ಕೊನೆಯ ತಟ್ಟೆಯೊಂದನ್ನೇ ದೂರಲಾಗದು. ಆದರೆ ಕಾಳು ಸೊಪ್ಪೆಲ್ಲ ಮೊದಲ ತಟ್ಟೆಗಳಲ್ಲಿ ಮುಗಿದು ಕೊನೆಯವಳಿಗೆ ತಿಳಿಸಾರು ಮಾತ್ರ ಉಳಿಯುವ ಮನೆಯಲ್ಲಿ ಉಳಿತಾಯ ಎಂಬುದು ಒಬ್ಬಳ ಮೈಯಿಂದ ಆಗುತ್ತಿದೆ ಎಂದೇ ಅರ್ಥ. ಮಿಕ್ಕದ್ದನ್ನು ಎಲ್ಲರ ತಟ್ಟೆಗೂ ಮೊದಲೇ ಒಂದೊಂದು ಸೌಟು ಹಂಚಿ, ಹೊಸದನ್ನು ಆಮೇಲೆ ಬಡಿಸುವುದು ಇದಕ್ಕೆ ಸರಳ ದಾರಿ. ಮುಖ ಸಿಂಡರಿಸುವವರು ಸಿಂಡರಿಸಲಿ.

ಈಗಿನ ರಾತ್ರಿಗಳ ಸಮಸ್ಯೆ ಬೇರೆ. ವಿಮಾನ ನಿಲ್ದಾಣ, ಉಗ್ರಾಣ, ಕಾರ್ಖಾನೆ, ಟ್ಯಾಕ್ಸಿ ಎಂದು ಈ ಹಳ್ಳಿಗಳ ಹುಡುಗ ಹುಡುಗಿಯರು ಪಾಳಿಯಲ್ಲಿ ದುಡಿಯುತ್ತಾರೆ. ಒಬ್ಬ ಸಂಜೆ ಏಳಕ್ಕೆ ಹೊರಡುವಾಗ ಇನ್ನೊಬ್ಬಳು ಹತ್ತಕ್ಕೆ ಬರುತ್ತಾಳೆ. 'ಇಟ್ಟು ಎಷ್ಟು ಜನಕ್ಕೆ' ಎಂದು ಕೂಗಿದರೆ ಉತ್ತರಿಸಲು ಎಲ್ಲರೂ ಮನೆಯಲ್ಲಿಲ್ಲ. ದಾರಿಯಲ್ಲಿ ಗೋಬಿ ತಿಂದು ಬಂದವನ ಪಾಲಿನ ಮುದ್ದೆ ಗಟ್ಟಿಯಾಗಿ ಕೂರುತ್ತದೆ. ಮನೆಖರ್ಚು ಎಲ್ಲಿ ಸೋರುತ್ತಿದೆ ಎಂಬುದನ್ನು ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆ ತೋರಿಸುತ್ತದೆ. ಗ್ರಾಮೀಣ ಭಾರತದ ತಲಾ ಮಾಸಿಕ ಖರ್ಚು 4,122 ರೂಪಾಯಿ, ಅದರಲ್ಲಿ ಶೇ 47 ಆಹಾರಕ್ಕೆ. ಧಾನ್ಯಗಳಿಗೆ ಹೋಗುವುದು ಶೇ 5ರಷ್ಟು ಮಾತ್ರ. ಪಾನೀಯ, ಕುರುಕಲು, ಸಂಸ್ಕರಿತ ತಿನಿಸಿಗೆ ಅದರ ಎರಡರಷ್ಟು, ಶೇ 10ರ ಹತ್ತಿರ. ಅಕ್ಕಿ ರಾಗಿಯಲ್ಲಿ ಹಿಡಿ ಉಳಿಸಿ ಪೊಟ್ಟಣದಲ್ಲಿ ಮೊರ ಸುರಿಯುವುದು ಇದಕ್ಕೇ ಹೇಳುವ ಮಾತು.

ಹಾಗಾಗಿ ರಾತ್ರಿಯೂಟದ ಯೋಜನೆ ಈಗ ಹಿಟ್ಟಿನಿಂದ ಶುರುವಾಗದೆ ಕಟ್ಟಿನಿಂದ ಶುರುವಾಗಬೇಕು. ಸಾರು ಪಲ್ಯ ಕಾಯುತ್ತವೆ, ಮುದ್ದೆ ಕಾಯುವುದಿಲ್ಲ. ಸಂಜೆಗೇ ಬಸ್ಸಾರೋ ಉಪ್ಪೆಸರೋ ಆಗಿರಲಿ, ಮುದ್ದೆಯನ್ನು ಬಂದವರ ಎಣಿಕೆಗೆ ತಕ್ಕಂತೆ ಎರಡು ಸಲ ಸಣ್ಣ ಪಾತ್ರೆಯಲ್ಲಿ ತಿರುವಿದರಾಯಿತು. ಎರಡು ಮುದ್ದೆಗೆ ಹತ್ತು ನಿಮಿಷ, ಗೋಬಿ ತಿಂದು ಬಂದವನು ಅದನ್ನು ತಾನೇ ಮಾಡಿಕೊಳ್ಳಬಲ್ಲ. ಕೋಲು ಹಿಡಿಯಲು ಹೆಂಗಸಿನ ಕೈಯೇ ಬೇಕೆಂದೇನಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವ ನಾಲ್ಕು ಜನರ ಮನೆಗೂ ಇದೇ ಕ್ರಮ ನಡೆಯುತ್ತದೆ. ಹಸುವಿಲ್ಲದ ಕೊರತೆಯನ್ನು ಬಾಲ್ಕನಿಯ ಗೊಬ್ಬರದ ಡಬ್ಬಿ ಸ್ವಲ್ಪ ಮಟ್ಟಿಗೆ ತುಂಬುತ್ತದೆ, ಹಾಲು ಮಾತ್ರ ಕೊಡುವುದಿಲ್ಲ.

ಇವತ್ತು ಭಾನುವಾರ ಎಂದುಕೊಳ್ಳಿ. ಬಾಡು ತಂದಿದ್ದರೆ ರಾತ್ರಿಗೇ ಮುಗಿಸಿ. ಮಲಗುವ ಮುನ್ನ ಎರಡು ಹಿಡಿ ಹುರುಳಿ ನೆನೆಹಾಕಿ. ನಾಳೆ ಬೆಳಿಗ್ಗೆ ಬಟ್ಟೆ ಕಟ್ಟಿಟ್ಟರೆ ಮಂಗಳವಾರ ಸಂಜೆಯ ಹೊತ್ತಿಗೆ ಮೊಳಕೆ ಬಂದಿರುತ್ತದೆ. ನಾಳೆಗೆ ಯಾವುದಾದರೂ ಸೊಪ್ಪು ಸಾಕು. ಮಂಗಳವಾರ ಆ ಮೊಳಕೆ ಹುರುಳಿಯನ್ನು ಬೇಯಿಸಿ ಬಸಿಯುವಾಗ ನೀರು ಒಂದು ಲೋಟ ಹೆಚ್ಚೇ ಇಡಿ, ರುಬ್ಬುವುದಕ್ಕೆ ಕಾಯಿ ಹಾಕಬೇಡಿ, ಬುಧವಾರ ಬೆಳಿಗ್ಗೆಯೂ ಬೇಕಾಗುತ್ತದೆ. ಪಲ್ಯ ಉಳಿದರೆ ರೊಟ್ಟಿಗೆ.